ಸಾಕ್ಷಿಯಿಲ್ಲದ ಶೌರ್ಯ

ಕನ್ನಡ ನಾಡಿನ ಊರುಗಳಲ್ಲಿ ಕೆರೆಯ ಏರಿಯ ಮೇಲೆ, ಗುಡಿಯ ಮುಂದೆ, ಹೊಲದ ಬದುವಿನಲ್ಲಿ ವೀರಗಲ್ಲುಗಳು ನಿಂತಿರುವುದನ್ನು ನೀವು ನೋಡಿರಬಹುದು. ಊರನ್ನು ಕಾಯುವುದಕ್ಕಾಗಿ, ಶತ್ರುಗಳು ಹಿಡಿದ ತುರುಗಳನ್ನು ಬಿಡಿಸಿ ತರುವುದಕ್ಕಾಗಿ, ಒಡೆಯನ ಋಣವನ್ನು ತೀರಿಸುವುದಕ್ಕಾಗಿ ಹೋರಾಡಿ ಮಡಿದವರ ನೆನಪಿಗೆ ಬದುಕಿ ಉಳಿದವರು ನಿಲ್ಲಿಸಿದ ಕಲ್ಲುಗಳು ಅವು. ಅನೇಕ ವೀರಗಲ್ಲುಗಳಲ್ಲಿ ಮೂರು ಹಂತಗಳ ಶಿಲ್ಪವಿರುತ್ತದೆ. ಕೆಳಗೆ ವೀರನ ಕಾಳಗ. ನಡುವೆ ಅವನನ್ನು ಕರೆದೊಯ್ಯುತ್ತಿರುವ ಅಪ್ಸರೆಯರು. ಮೇಲೆ ದೇವರ ಸನ್ನಿಧಿ. ಓದುಬಾರದವನೂ ಆ ಕಲ್ಲನ್ನು ನೋಡಿದೊಡನೆ ಅಲ್ಲಿ ನಡೆದುದನ್ನು ತಿಳಿಯಬಲ್ಲನು.

ಬಾಗಲೂರಿನಿಂದ ಬೆಂಗಳೂರು ನಗರದ ಕಡೆಗೆ ಹೊರಟರೆ ದಾರಿಯಲ್ಲಿ ಹೆಬ್ಬಾಳ ಸಿಕ್ಕುತ್ತದೆ. 2018ರಲ್ಲಿ ಅಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಅದು ಗಂಗರ ಅರಸ ಶ್ರೀಪುರುಷನ ಕಾಲದ್ದು, ಎಂದರೆ ಕ್ರಿ.ಶ. ಸುಮಾರು 750ರದು. ರಾಷ್ಟ್ರಕೂಟರ ಕಡೆಯವರ ದಾಳಿಯನ್ನು ಎದುರಿಸಿ ಕಾದಿ ಮಡಿದ ಕಿತ್ತಯ್ಯನೆಂಬ ವೀರನ ಹೆಸರು ಅದರಲ್ಲಿದೆ. ಹನ್ನೆರಡು ನೂರಕ್ಕೂ ಹೆಚ್ಚು ವರ್ಷಗಳು ಕಳೆದರೂ ಆ ಹೆಸರು ಅಳಿಯಲಿಲ್ಲ. ಕಿತ್ತಯ್ಯ ತನ್ನ ನೆಲದಲ್ಲಿಯೇ, ತನ್ನವರ ನಡುವೆಯೇ ಹೋರಾಡಿ ಬಿದ್ದನು. ಅವನ ಸಾವನ್ನು ಬಲ್ಲವರಿದ್ದರು. ಬಲ್ಲವರು ಕಲ್ಲನ್ನು ನಿಲ್ಲಿಸಿದರು.

ಇನ್ನೂ ಮುಂದೆ ಹೋದರೆ ಜೆ.ಸಿ. ನಗರದಲ್ಲಿ ಮತ್ತೊಂದು ಬಗೆಯ ಕಲ್ಲಿದೆ. ಅದು ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕ. ಮೊದಲನೆಯ ಮಹಾಯುದ್ಧದಲ್ಲಿ ಈ ಪಡೆಯ ಯೋಧರು ಹಡಗನ್ನೇರಿ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ದೇಶಗಳಿಗೆ ಹೋದರು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಭಾರತೀಯ ಅಶ್ವದಳಗಳಲ್ಲಿ ಜೋಧಪುರದವರೊಡನೆ ಮೈಸೂರಿನವರೂ ಇದ್ದರು. ಹಿಂದಿರುಗದೆ ಹೋದವರ ಹೆಸರುಗಳನ್ನು ಆ ಕಲ್ಲಿನ ಮೇಲೆ ಕೊರೆದಿದ್ದಾರೆ. ಅವರು ಮಡಿದುದು ದೂರದ ಮರಳುನೆಲದಲ್ಲಾದರೂ ಜೊತೆಗಾರರು ಮರಳಿ ಬಂದು ಅವರ ಸಂಗತಿಯನ್ನು ಹೇಳಿದರು. ಆದುದರಿಂದ ಇಲ್ಲಿ ಕಲ್ಲು ನಿಂತಿತು.

ಈ ಎರಡು ಕಲ್ಲುಗಳೂ ನಮಗೆ ಒಂದು ಮಾತನ್ನು ತಿಳಿಸುತ್ತವೆ. ವೀರನನ್ನು ನೆನೆಯಬೇಕಾದರೆ ಅವನ ಸಾಹಸವನ್ನು ಕಂಡವರು ಬೇಕು. ಕಂಡುದನ್ನು ಹೇಳುವವರು ಬೇಕು. ಹಾಗಾದರೆ ಯಾರೂ ಕಾಣದ ಕಡೆಯಲ್ಲಿ, ಶತ್ರುದೇಶದ ಆಕಾಶದಲ್ಲಿ, ಒಬ್ಬನೇ ಹೋರಾಡಿ ಬಿದ್ದವನ ಗತಿಯೇನು? ಅವನ ಕಥೆಯನ್ನು ಹೇಳುವವರು ಯಾರು? ಕೊಡಗಿನ ವೀರರಾದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಜೀವನವು ಈ ಪ್ರಶ್ನೆಗೆ ಉತ್ತರವಾಗಿದೆ.

ದೇವಯ್ಯನವರು 1932ರ ಡಿಸೆಂಬರ್ 24ರಂದು ಜನಿಸಿದರು. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಮನೆತನವನ್ನು ಅವರು ಒಕ್ಕವೆಂದು ಕರೆಯುತ್ತಾರೆ. ಅಜ್ಜಮಾಡ ಎಂಬುದು ಒಕ್ಕದ ಹೆಸರು. ಬೋಪಯ್ಯ ಎಂಬುದು ತಂದೆಯ ಹೆಸರು. ತಂದೆಯವರು ವೈದ್ಯರಾಗಿದ್ದರು. ಕೊಡಗು ಚಿಕ್ಕ ನಾಡಾದರೂ ಸೈನ್ಯಕ್ಕೆ ಮಕ್ಕಳನ್ನು ಕಳುಹಿಸುವುದರಲ್ಲಿ ದೊಡ್ಡದು. ಸ್ವತಂತ್ರ ಭಾರತದ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರೂ, ಜನರಲ್ ತಿಮ್ಮಯ್ಯನವರೂ ಆ ನಾಡಿನವರೇ. ಅಲ್ಲಿ ಪ್ರತಿವರ್ಷ ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿ ಕತ್ತಿಗಳನ್ನು ತೊಳೆದು, ಹೂ ಮುಡಿಸಿ ಪೂಜಿಸುತ್ತಾರೆ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಕೋವಿ ಹಾರಿಸಿ ಸಾರುತ್ತಾರೆ. ಸಾವಾದರೂ ಕೋವಿಯೇ ಸಾರುತ್ತದೆ. ಇಂತಹ ನಾಡಿನಲ್ಲಿ ಬೆಳೆದ ದೇವಯ್ಯನವರು 1954ರಲ್ಲಿ ಭಾರತೀಯ ವಾಯುಪಡೆಯ ಅಧಿಕಾರಿಯಾದರು. ನುರಿತ ವೈಮಾನಿಕರೆನಿಸಿ, ಹೊಸಬರಿಗೆ ವಿಮಾನ ನಡೆಸುವುದನ್ನು ಕಲಿಸುವ ಶಿಕ್ಷಕರೂ ಆದರು.

1965ರಲ್ಲಿ ಭಾರತಕ್ಕೂ ಪಾಕಿಸ್ತಾನಕ್ಕೂ ಯುದ್ಧವಾಯಿತು. ಆಗಸ್ಟ್ ತಿಂಗಳಿನಲ್ಲಿ ಕಾಶ್ಮೀರದೊಳಕ್ಕೆ ಗುಟ್ಟಾಗಿ ನುಗ್ಗಿದವರಿಂದ ಮೊದಲಾದ ಕದನವು ಸೆಪ್ಟೆಂಬರ್ 1ರಂದು ಛಾಂಬ್ ಪ್ರದೇಶದ ದಾಳಿಯೊಡನೆ ಬಹಿರಂಗ ಯುದ್ಧವಾಗಿ ಬೆಳೆಯಿತು. ಸೆಪ್ಟೆಂಬರ್ 6ರಂದು ಭಾರತದ ಸೈನ್ಯವು ಲಾಹೋರಿನ ಕಡೆಗೆ ಗಡಿಯನ್ನು ದಾಟಿತು. ಅಂದಿನ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟೆಯ ವಿಮಾನನೆಲೆಯ ಮೇಲೆ ಎರಗಿ, ನೆಲದ ಮೇಲೆ ನಿಂತಿದ್ದ ನಮ್ಮ ಹಲವು ವಿಮಾನಗಳನ್ನು ಸುಟ್ಟುಹಾಕಿದುವು. ಇದಕ್ಕೆ ಪ್ರತಿಯಾಗಿ ಮರುದಿನ ಬೆಳಗಾಗುವಾಗಲೇ ಪಾಕಿಸ್ತಾನದ ಪ್ರಮುಖ ವಿಮಾನನೆಲೆಯಾದ ಸರಗೋಧದ ಮೇಲೆ ದಾಳಿ ಮಾಡಬೇಕೆಂದು ನಮ್ಮ ವಾಯುಪಡೆಯು ನಿರ್ಧರಿಸಿತು. ಪಂಜಾಬಿನ ಆದಂಪುರದಲ್ಲಿದ್ದ ಒಂದನೆಯ ಸ್ಕ್ವಾಡ್ರನ್ನಿಗೆ ಈ ಕಾರ್ಯದಲ್ಲಿ ಪಾಲು ದೊರೆಯಿತು. ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ ಅದರ ನಾಯಕರು. ಶಿಕ್ಷಕರಾಗಿದ್ದ ದೇವಯ್ಯನವರನ್ನು ಯುದ್ಧದ ಕಾರಣದಿಂದ ಈ ದಳಕ್ಕೆ ಕಳುಹಿಸಲಾಗಿತ್ತು.

ಆ ದಿನದ ಸಾಹಸವನ್ನು ತಿಳಿಯಬೇಕಾದರೆ ಕೆಲವು ಸಂಗತಿಗಳನ್ನು ಮೊದಲೇ ಅರಿತಿರಬೇಕು. ಒಂದನೆಯ ಸ್ಕ್ವಾಡ್ರನ್ನಿನವರು ನಡೆಸುತ್ತಿದ್ದುದು ಫ್ರಾನ್ಸ್ ದೇಶದಲ್ಲಿ ತಯಾರಾದ ಮಿಸ್ಟೇರ್ ಎಂಬ ವಿಮಾನ. ಸಮವಾಗಿ ಹಾರುವಾಗ ಅದರ ವೇಗವು ಶಬ್ದದ ವೇಗವನ್ನು ಮೀರುತ್ತಿರಲಿಲ್ಲ. ಆದಂಪುರದಿಂದ ಸರಗೋಧಕ್ಕೆ ಸುಮಾರು 300 ಕಿಲೋಮೀಟರ್ ದೂರ. ರಾಡಾರಿನ ಅಲೆಗಳು ನೇರವಾಗಿ ಚಲಿಸುವುದರಿಂದಲೂ, ಭೂಮಿಯ ಮೈ ದುಂಡಾಗಿರುವುದರಿಂದಲೂ ನೆಲಕ್ಕೆ ಸಮೀಪವಾಗಿ ಹಾರುವ ವಿಮಾನವು ದೂರದ ರಾಡಾರಿಗೆ ಸುಲಭವಾಗಿ ಕಾಣುವುದಿಲ್ಲ. ಆದುದರಿಂದ ದಾಳಿಗೆ ಹೊರಟವರು ಮರದ ತುದಿಗಳನ್ನು ಸವರುವಂತೆ ಕೆಳಗೆ ಹಾರಬೇಕಾಗಿತ್ತು. ಆದರೆ ಕೆಳಗಿನ ಗಾಳಿ ದಟ್ಟವಾದುದು. ಅದನ್ನು ಸೀಳಿಕೊಂಡು ಹೋಗುವ ಜೆಟ್ ವಿಮಾನಕ್ಕೆ ಹೆಚ್ಚು ಇಂಧನ ಬೇಕು. ಹೋಗಿ, ಗುಂಡು ಸುರಿದು, ಹಿಂದಿರುಗುವಷ್ಟೇ ಇಂಧನವಿರುವಾಗ ಗುರಿಯ ಬಳಿ ಸುತ್ತುವುದಕ್ಕಾಗಲಿ, ಹಿಂದೆ ಉಳಿದವರನ್ನು ಹುಡುಕುವುದಕ್ಕಾಗಲಿ ಅವಕಾಶವಿರಲಿಲ್ಲ.

ದಾಳಿಗೆ ಹನ್ನೆರಡು ವಿಮಾನಗಳೆಂದು ಗೊತ್ತಾಯಿತು. ಹೊರಡುವ ವೇಳೆಗೆ ಯಾವುದಾದರೊಂದು ವಿಮಾನ ಕೆಟ್ಟರೆ ಅದರ ಸ್ಥಾನವನ್ನು ತುಂಬಲು ಇನ್ನೆರಡು ವಿಮಾನಗಳನ್ನು ಸಿದ್ಧವಾಗಿಟ್ಟಿದ್ದರು. ದೇವಯ್ಯನವರು ಇದ್ದುದು ಹೀಗೆ ಹೆಚ್ಚುವರಿಯಾಗಿ ಸಿದ್ಧವಾಗಿದ್ದ ವಿಮಾನದಲ್ಲಿ. ಎಲ್ಲವೂ ಸರಿಯಾಗಿ ನಡೆದಿದ್ದರೆ ಅವರು ಅಂದು ಗಡಿಯನ್ನು ದಾಟಬೇಕಾಗಿಯೇ ಇರಲಿಲ್ಲ. ಸೆಪ್ಟೆಂಬರ್ 7ರ ನಸುಕಿನಲ್ಲಿ, ಐದೂವರೆಯ ಸುಮಾರಿಗೆ, ವಿಮಾನಗಳು ಮೇಲಕ್ಕೇರಿದುವು. ಗೊತ್ತಾದವುಗಳಲ್ಲಿ ಒಂದು ವಿಮಾನವು ಕೆಲಸಕ್ಕೆ ಬಾರದಾಯಿತು. ದೇವಯ್ಯನವರು ಆ ಸ್ಥಾನವನ್ನು ತುಂಬಿ ದಳದೊಡನೆ ಸರಗೋಧದ ಕಡೆಗೆ ಸಾಗಿದರು.

ದಾಳಿ ಮುಗಿಯಿತು. ಸರಗೋಧದ ಮೇಲೆ ಎರಗಿದ ಮಿಸ್ಟೇರ್ ವಿಮಾನಗಳು ಒಂದೊಂದಾಗಿ ಆದಂಪುರಕ್ಕೆ ಮರಳಿ ಇಳಿದುವು. ಎಣಿಸಿ ನೋಡಿದಾಗ ಒಂದು ವಿಮಾನ ಮಾತ್ರ ಬಂದಿರಲಿಲ್ಲ, ಅದು ದೇವಯ್ಯನವರದು. ಅವರಿಗೇನಾಯಿತೆಂಬುದನ್ನು ಕಂಡವರಿರಲಿಲ್ಲ. ನೆಲದಿಂದ ಹಾರಿದ ಗುಂಡು ತಗುಲಿರಬಹುದೆ? ಇಂಧನ ತೀರಿಹೋಗಿರಬಹುದೆ? ವಿಮಾನವನ್ನು ಬಿಟ್ಟು ಹೊರಕ್ಕೆ ಧುಮುಕಿ ಶತ್ರುಗಳ ಸೆರೆಯಾಗಿರಬಹುದೆ? ಯಾವ ಪ್ರಶ್ನೆಗೂ ಉತ್ತರ ಸಿಗಲಿಲ್ಲ. ಯುದ್ಧದ ದಾಖಲೆಯಲ್ಲಿ ಅವರು ‘ಕಾಣೆಯಾದವರು’ ಎನಿಸಿದರು.

‘ಕಾಣೆಯಾದವರು’ ಎಂಬ ಈ ಒಂದು ಪದದ ಭಾರವನ್ನು ನಾವು ಊಹಿಸಿಕೊಳ್ಳಬೇಕು. ಸತ್ತ ಸುದ್ದಿ ಬಂದರೆ ಮನೆಯವರು ಅತ್ತು, ಕರ್ಮಗಳನ್ನು ಮಾಡಿ, ಕಾಲಕ್ರಮದಲ್ಲಿ ಸಮಾಧಾನ ತಂದುಕೊಳ್ಳುತ್ತಾರೆ. ಬದುಕಿರುವ ಸುದ್ದಿ ಬಂದರೆ ಕಾದು ಕುಳಿತಿರುತ್ತಾರೆ. ಎರಡೂ ಇಲ್ಲದವರ ಸಂಕಟಕ್ಕೆ ಕೊನೆಯೆಲ್ಲಿ? ಅದೇ ಯುದ್ಧದಲ್ಲಿ ಕಾರ್ಯಪ್ಪನವರ ಮಗನೂ ವೈಮಾನಿಕರಾಗಿ ಹೋರಾಡುತ್ತಿದ್ದಾಗ ಅವರ ವಿಮಾನವು ಪಾಕಿಸ್ತಾನದಲ್ಲಿ ಬಿದ್ದು, ಅವರು ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ಹಿಂದೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು. ಮಗನನ್ನು ಬಿಟ್ಟುಕೊಡುವ ಇಂಗಿತವನ್ನು ಅವರು ತಿಳಿಸಿದಾಗ, ಸೆರೆಯಲ್ಲಿರುವ ಎಲ್ಲ ಯೋಧರೂ ತನ್ನ ಮಕ್ಕಳೇ, ಒಬ್ಬನಿಗೆ ಮಾತ್ರ ವಿಶೇಷವಾದ ದಯೆ ಬೇಡವೆಂದು ಕಾರ್ಯಪ್ಪನವರು ಉತ್ತರವಿತ್ತುದು ಪ್ರಸಿದ್ಧವಾಗಿದೆ. ತಾಷ್ಕೆಂಟ್ ಒಪ್ಪಂದವಾದ ಮೇಲೆ, 1966ರ ಜನವರಿಯಲ್ಲಿ, ಅವರ ಮಗ ಉಳಿದವರೊಡನೆ ತಾಯ್ನಾಡಿಗೆ ಮರಳಿದರು. ದೇವಯ್ಯನವರು ಮರಳಲಿಲ್ಲ. ಅವರ ಸಾವನ್ನು ಸಾರಲು ಅಂದು ಕೊಡಗಿನಲ್ಲಿ ಕೋವಿ ಹಾರಿಸುವುದಾದರೂ ಹೇಗೆ? ಅವರು ಎಲ್ಲಿ, ಹೇಗೆ ಮಡಿದರೆಂಬುದೇ ಯಾರಿಗೂ ತಿಳಿದಿರಲಿಲ್ಲ.

ಹೀಗೆಯೇ ಹದಿನಾಲ್ಕು ವರ್ಷಗಳು ಕಳೆದುವು. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಬರಹಗಾರರು ಆ ಯುದ್ಧದ ವೈಮಾನಿಕ ಕದನಗಳನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದರು. ಅವರು ಪಾಕಿಸ್ತಾನದ ವಾಯುಪಡೆಯ ನೆರವನ್ನು ಪಡೆದು, ಆ ಕಡೆಯ ದಾಖಲೆಗಳನ್ನು ನೋಡಿ ಬರೆದವರು. ಸೆಪ್ಟೆಂಬರ್ 7ರ ಬೆಳಿಗ್ಗೆ ನಡೆದ ಒಂದು ಕಾಳಗದ ವಿವರ ಅದರಲ್ಲಿತ್ತು. ದಾಳಿ ಮುಗಿಸಿ ಹಿಂದಿರುಗುತ್ತಿದ್ದ ಒಂದು ಮಿಸ್ಟೇರ್ ವಿಮಾನವನ್ನು ಪಾಕಿಸ್ತಾನದ ವೈಮಾನಿಕ ಅಮ್ಜದ್ ಹುಸೇನ್ ಅವರು ಸ್ಟಾರ್‌ಫೈಟರ್ ವಿಮಾನದಲ್ಲಿ ಬೆನ್ನಟ್ಟಿ ಗುಂಡು ಹಾರಿಸಿದರು. ಮಿಸ್ಟೇರಿಗೆ ಪೆಟ್ಟು ತಗುಲಿತು. ಆದರೂ ಅದರ ಚಾಲಕ ಓಡಿಹೋಗಲಿಲ್ಲ. ತಿರುಗಿ ಬಿದ್ದು ಸ್ಟಾರ್‌ಫೈಟರನ್ನು ಎದುರಿಸಿದನು. ಆ ಕಾಳಗದಲ್ಲಿ ಸ್ಟಾರ್‌ಫೈಟರ್ ನೆಲಕ್ಕುರುಳಿತು. ಅಮ್ಜದ್ ಹುಸೇನರು ಪ್ಯಾರಾಚೂಟಿನ ಸಹಾಯದಿಂದ ಧುಮುಕಿ ಬದುಕಿಕೊಂಡರು. ಮಿಸ್ಟೇರಿನ ವೈಮಾನಿಕ ಬದುಕಲಿಲ್ಲ.

ಆ ವೈಮಾನಿಕ ಯಾರೆಂಬುದನ್ನು ತಿಳಿಯುವುದು ಕಷ್ಟವಾಗಲಿಲ್ಲ. ಅಂದು ನಸುಕಿನಲ್ಲಿ ಹೊರಟು ಸರಗೋಧದ ದಾಳಿಗೆ ಹೋದ ಮಿಸ್ಟೇರ್‌ಗಳಲ್ಲಿ ಹಿಂದಿರುಗದೆ ಉಳಿದುದು ಒಂದೇ. ಅದನ್ನು ನಡೆಸಿದವರು ದೇವಯ್ಯನವರು. ಆದುದರಿಂದ ಆ ಅಜ್ಞಾತ ವೀರರು ಅವರಲ್ಲದೆ ಬೇರೆಯಾರೂ ಆಗಿರಲು ಸಾಧ್ಯವಿಲ್ಲ. ಗಣಿತದಲ್ಲಿ ಒಂದೊಂದು ಸಾಧ್ಯತೆಯನ್ನೂ ಕಳೆದು ಉಳಿದುದನ್ನು ಉತ್ತರವೆಂದು ನಿಶ್ಚಯಿಸುವಂತೆ, ಇಲ್ಲಿಯೂ ನಿಶ್ಚಯವಾಯಿತು.

ಈ ಕಾಳಗದ ಹಿರಿಮೆ ಎಂತಹುದು? ಸ್ಟಾರ್‌ಫೈಟರ್ ಅಮೆರಿಕದಲ್ಲಿ ತಯಾರಾದ ವಿಮಾನ. ಶಬ್ದದ ವೇಗದ ಎರಡರಷ್ಟು ವೇಗದಲ್ಲಿ ಹಾರಬಲ್ಲುದು. ಆ ಕಾಲಕ್ಕೆ ಅದರ ಹೆಸರೇ ಭಯವನ್ನು ಹುಟ್ಟಿಸುತ್ತಿತ್ತು. ನಿಧಾನವಾದ ಮಿಸ್ಟೇರ್ ಅದನ್ನು ಹೇಗೆ ಎದುರಿಸೀತು? ಇದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿದೆ. ಚಲಿಸುವ ವಸ್ತುವೊಂದು ಒಂದೇ ಪ್ರಮಾಣದ ಬಲದಿಂದ ತಿರುಗುವಾಗ, ಅದರ ವೇಗ ಎರಡರಷ್ಟಾದರೆ ಅದು ಸುತ್ತುವ ವೃತ್ತದ ತ್ರಿಜ್ಯವು ನಾಲ್ಕರಷ್ಟಾಗುತ್ತದೆ. ವೇಗ ಹೆಚ್ಚಿದಂತೆಲ್ಲ ತಿರುವು ಅಗಲವಾಗುತ್ತದೆ. ಸ್ಟಾರ್‌ಫೈಟರಿನ ರೆಕ್ಕೆಗಳಂತೂ ಬಹಳ ಚಿಕ್ಕವು, ತೆಳ್ಳನೆಯವು. ನೇರವಾಗಿ ಬಾಣದಂತೆ ಹೋಗಲು ಅವು ತಕ್ಕುವು. ಥಟ್ಟನೆ ತಿರುಗಲು ತಕ್ಕುವಲ್ಲ. ಬಯಲಿನಲ್ಲಿ ಕುದುರೆಯನ್ನು ಮೀರಿಸುವವರಿಲ್ಲ. ಇಕ್ಕಟ್ಟಾದ ಓಣಿಯಲ್ಲಿ ಮೇಕೆಯು ಅದಕ್ಕಿಂತ ಚುರುಕಾಗಿ ತಿರುಗುತ್ತದೆ. ನೆಲಕ್ಕೆ ಸಮೀಪದಲ್ಲಿ ಸುತ್ತಿ ಸುಳಿದು ಹೋರಾಡುವಾಗ ಮಿಸ್ಟೇರಿಗೆ ಈ ಒಂದು ಅನುಕೂಲವಿತ್ತು. ಆದರೆ ಅನುಕೂಲವಿದ್ದರೆ ಸಾಲದು. ಪೆಟ್ಟು ತಿಂದ ವಿಮಾನದಲ್ಲಿ, ಇಂಧನ ಕರಗುತ್ತಿರುವಾಗ, ಸ್ವದೇಶದ ನೆಲ ಇನ್ನೂ ದೂರವಿರುವಾಗ ಅದನ್ನು ಬಳಸಿಕೊಳ್ಳುವ ಎದೆಗಾರಿಕೆ ಬೇಕು. ಶಿಷ್ಯರಿಗೆ ಕಲಿಸಿದುದನ್ನು ಆ ಶಿಕ್ಷಕರು ಅಂದು ಸ್ವತಃ ಮಾಡಿ ತೋರಿಸಿದರು. ನೋಡಲು ಶಿಷ್ಯರು ಇರಲಿಲ್ಲ.

ಈ ಕಾಳಗದ ಕೊನೆಯ ಕ್ಷಣಗಳನ್ನು ಕುರಿತು ಎರಡು ದೇಶಗಳ ಬರಹಗಾರರಲ್ಲಿ ಕೆಲವು ವಿವರಗಳ ಬಗ್ಗೆ ಭಿನ್ನಾಭಿಪ್ರಾಯವುಂಟು. ಆಕಾಶದಲ್ಲಿ ಕೆಲವೇ ನಿಮಿಷಗಳಲ್ಲಿ ನಡೆದು ಮುಗಿದ ಸಂಗತಿಯಲ್ಲಿ ಇದು ಸಹಜ. ಆದರೆ ಮಿಸ್ಟೇರ್ ಒಂಟಿಯಾಗಿತ್ತೆಂಬುದರಲ್ಲಿಯೂ, ಎರಡು ವಿಮಾನಗಳೂ ಆ ಕಾಳಗದಲ್ಲಿಯೇ ಬಿದ್ದುವೆಂಬುದರಲ್ಲಿಯೂ ವಾದವಿಲ್ಲ.

ಪುಸ್ತಕ ಪ್ರಕಟವಾದೊಡನೆ ಗೌರವವು ತಾನಾಗಿ ಬರಲಿಲ್ಲ. ಓದಿದುದನ್ನು ಪರೀಕ್ಷಿಸಬೇಕು, ದಾಖಲೆಗಳೊಡನೆ ಹೋಲಿಸಬೇಕು, ಸಂಬಂಧಪಟ್ಟವರಿಗೆ ಮನವರಿಕೆ ಮಾಡಿಕೊಡಬೇಕು. ಅಂದು ದಳದ ನಾಯಕರಾಗಿದ್ದ ತನೇಜಾ ಅವರು ತಮ್ಮ ಜೊತೆಗಾರನ ಪರವಾಗಿ ಈ ಕೆಲಸದಲ್ಲಿ ಶ್ರಮಿಸಿದವರಲ್ಲಿ ಪ್ರಮುಖರು. ವಾಯುಪಡೆಯು ಸಂಗತಿಯನ್ನು ಪರಿಶೀಲಿಸಿ ಒಪ್ಪಿಕೊಂಡಿತು. ಕೊನೆಗೆ 1988ರಲ್ಲಿ, ಮಡಿದ ಇಪ್ಪತ್ತಮೂರು ವರ್ಷಗಳ ತರುವಾಯ, ಭಾರತ ಸರ್ಕಾರವು ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಿತು. ಯುದ್ಧಭೂಮಿಯಲ್ಲಿ ತೋರಿದ ಶೌರ್ಯಕ್ಕಾಗಿ ನಮ್ಮ ದೇಶವು ಕೊಡುವ ಪದಕಗಳಲ್ಲಿ ಪರಮವೀರ ಚಕ್ರದ ನಂತರದ್ದು ಇದೇ. ಅವರ ಪತ್ನಿ ಅದನ್ನು ಸ್ವೀಕರಿಸಿದರು.

ದೇವಯ್ಯನವರ ದೇಹ ಏನಾಯಿತು? ಅವರ ವಿಮಾನವು ಬಿದ್ದುದು ಪಾಕಿಸ್ತಾನದ ಪಂಜಾಬಿನ ಹಳ್ಳಿಯೊಂದರ ಬಳಿ. ಅಲ್ಲಿಯ ಹಳ್ಳಿಗರು ಅವರ ದೇಹವನ್ನು ಕಂಡು ತಮ್ಮ ಹೊಲದಲ್ಲಿಯೇ ಮಣ್ಣು ಮಾಡಿದರು. ಈ ಸಂಗತಿಯೂ ನಮಗೆ ತಿಳಿದುದು ಬಹುಕಾಲದ ಮೇಲೆ, ಆ ದೇಶದವರ ಬರಹಗಳಿಂದಲೇ. ಯುದ್ಧ ನಡೆಯುತ್ತಿದ್ದ ಕಾಲ, ಬಿದ್ದವನು ಶತ್ರು, ಅವನ ಹೆಸರಾಗಲಿ ಊರಾಗಲಿ ಅವರಿಗೆ ತಿಳಿಯದು. ಆದರೂ ಸತ್ತವನನ್ನು ನಾಯಿನರಿಗಳ ಪಾಲಿಗೆ ಬಿಡಬಾರದೆಂಬ ಧರ್ಮವನ್ನು ಆ ರೈತರು ಮರೆಯಲಿಲ್ಲ. ಉತ್ತು ಬಿತ್ತುವ ಕೈಗಳೇ ಕೊಡಗಿನ ಆ ಮಗನಿಗೆ ಗುಂಡಿಯನ್ನು ತೋಡಿದುವು.

ಇಲ್ಲಿ ನಾವು ಯೋಚಿಸಬೇಕಾದ ವಿಷಯವೊಂದಿದೆ. ದೇವಯ್ಯನವರ ಶೌರ್ಯಕ್ಕೆ ಸಾಕ್ಷಿ ಹೇಳಿದವರು ಯಾರು? ಶತ್ರುದೇಶದ ದಾಖಲೆ. ಅದನ್ನು ಬರೆದವರು ಯಾರು? ಎರಡೂ ದೇಶಗಳಿಗೆ ಸೇರದ ಒಬ್ಬ ಗ್ರಂಥಕರ್ತರು. ಅವರ ದೇಹಕ್ಕೆ ಮಣ್ಣು ಕೊಟ್ಟವರು ಯಾರು? ಹೆಸರು ತಿಳಿಯದ ಹಳ್ಳಿಗರು. ತಮ್ಮ ಕಡೆಯ ವಿಮಾನವೊಂದು ಬಿದ್ದುದನ್ನು ಅವರು ಮುಚ್ಚಿಟ್ಟಿದ್ದರೆ, ಎದುರಾಳಿಯ ಪರಾಕ್ರಮವನ್ನು ಬರೆಯದೆ ಬಿಟ್ಟಿದ್ದರೆ, ದೇವಯ್ಯನವರು ಇಂದಿಗೂ ‘ಕಾಣೆಯಾದವರು’ ಆಗಿಯೇ ಉಳಿಯುತ್ತಿದ್ದರು. ಸತ್ಯವನ್ನು ಬರೆದಿಡುವುದು ಎಷ್ಟು ದೊಡ್ಡ ಕೆಲಸವೆಂಬುದು ಇದರಿಂದ ತಿಳಿಯುತ್ತದೆ. ಎದುರಾಳಿಯ ಗುಣವನ್ನು ಒಪ್ಪಿಕೊಳ್ಳುವವನಲ್ಲಿಯೂ ಒಂದು ಬಗೆಯ ಶೌರ್ಯವುಂಟು.

ಇಂದು ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ. ಅವರ ಪ್ರತಿಮೆಯೂ ಇದೆ. 2019ರಲ್ಲಿ ದೆಹಲಿಯಲ್ಲಿ ಆರಂಭವಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರ ಮಡಿದ ಸಾವಿರಾರು ಯೋಧರ ಹೆಸರುಗಳನ್ನು ಕಲ್ಲಿನಲ್ಲಿ ಕೊರೆಯಲಾಗಿದೆ. 2025ರಲ್ಲಿ ಈ ಘಟನೆಯಿಂದ ಸ್ಫೂರ್ತಿ ಪಡೆದ ಹಿಂದಿ ಚಲನಚಿತ್ರವೊಂದು ಬಂದಿತು. ಅದರಲ್ಲಿ ಪಾತ್ರಗಳ ಹೆಸರುಗಳನ್ನು ಬದಲಿಸಿದ್ದಾರೆ; ಕಥೆಗೆ ಬೇಕಾದ ಕಲ್ಪನೆಯನ್ನೂ ಸೇರಿಸಿದ್ದಾರೆ. ಚಿತ್ರವನ್ನು ನೋಡಿ ಸಂತೋಷಪಡುವುದರಲ್ಲಿ ತಪ್ಪಿಲ್ಲ. ಆದರೆ ನಿಜವಾದ ಹೆಸರು, ನಿಜವಾದ ದಿನ, ನಿಜವಾದ ಸ್ಥಳಗಳನ್ನು ತಿಳಿದುಕೊಂಡಾಗ ಮಾತ್ರ ನಮ್ಮ ನೆನಪು ಋಣ ತೀರಿಸುವ ನೆನಪಾಗುತ್ತದೆ.

ಬಾಗಲೂರು, ಯಲಹಂಕಗಳ ವಿದ್ಯಾರ್ಥಿಗಳಿಗೆ ವಿಮಾನಗಳು ಹೊಸವಲ್ಲ. ಯಲಹಂಕದಲ್ಲಿ ವಾಯುಪಡೆಯ ನೆಲೆಯಿದೆ. ತರಗತಿಯಲ್ಲಿ ಪಾಠ ನಡೆಯುತ್ತಿರುವಾಗ ಮೇಲಿಂದ ಮೊಳಗು ಕೇಳಿದರೆ ಮಕ್ಕಳು ಕಿಟಕಿಯ ಕಡೆಗೆ ತಿರುಗುತ್ತಾರೆ. ವೈಮಾನಿಕ ಪ್ರದರ್ಶನದ ದಿನಗಳಲ್ಲಿ ಮನೆಯ ಮಾಳಿಗೆಗಳ ಮೇಲೆಲ್ಲ ಜನ ನೆರೆಯುತ್ತಾರೆ. ಆ ವಿಮಾನಗಳು ಬಾನಿನಲ್ಲಿ ಬಳ್ಳಿ ಬರೆದಂತೆ ಸುತ್ತುವುದನ್ನು ನೋಡಿ ಸಾವಿರಾರು ಮಂದಿ ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ತಟ್ಟುವವರು ಒಬ್ಬರೂ ಇಲ್ಲದ ಆಕಾಶದಲ್ಲಿ, ಮೂವತ್ತೆರಡು ವರ್ಷದ ಕನ್ನಡ ನಾಡಿನ ವೈಮಾನಿಕರೊಬ್ಬರು ತಮ್ಮ ಕೊನೆಯ ತಿರುವನ್ನು ತಿರುಗಿದರೆಂಬುದನ್ನು ಆಗ ನೆನೆಯಬೇಕು.

ನಿಮ್ಮ ಊರಿನಲ್ಲಿಯೂ ಯುದ್ಧಕ್ಕೆ ಹೋಗಿ ಮರಳದವರು ಇದ್ದಿರಬಹುದು. ಊರ ಹಿರಿಯರನ್ನು ಕೇಳಿರಿ. ಅವರ ಹೆಸರನ್ನೂ, ಹೋದ ವರ್ಷವನ್ನೂ, ಮಡಿದ ಸ್ಥಳವನ್ನೂ ತಪ್ಪಿಲ್ಲದೆ ಬರೆದಿಡಿರಿ. ತಿಳಿದಷ್ಟನ್ನೇ ಬರೆಯಿರಿ, ಹೆಚ್ಚಿಗೆ ಸೇರಿಸಬೇಡಿರಿ. ಹೆಬ್ಬಾಳದ ಕಲ್ಲನ್ನು ಕೆತ್ತಿದವನು ಮಾಡಿದುದೂ ಇಷ್ಟೇ. ದೇವಯ್ಯನವರು ಮಲಗಿರುವ ಹೊಲಕ್ಕೆ ನಾವು ಹೋಗಿ ಹೂವಿಡಲಾರೆವು. ಅವರು ಎಲ್ಲಿ, ಯಾವಾಗ, ಹೇಗೆ ಮಡಿದರೆಂಬುದನ್ನು ಸರಿಯಾಗಿ ತಿಳಿದು ಮುಂದಿನವರಿಗೆ ಹೇಳಬಲ್ಲೆವು.